ಹಸಿರು ಇಂಧನದ ಖನಿಜಗಳು ಮತ್ತು ಗಣಿಯೂರಿನ ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಭೂವಿಜ್ಞಾನದ ಪಾಠ ಹೇಳಿ ನಿವೃತ್ತನಾದ ಮೇಲೆ ಗದಗ, ಮುಂಡರಗಿ, ಶಿರಹಟ್ಟಿ, ಹಾವೇರಿ ಕಡೆಯ ಊರುಗಳವರು ಕಲ್ಲು, ನೀರು, ಗಣಿಗಳ ಬಗ್ಗೆ ಮಾತಾಡಲು ಕರೆದಾಗಲೆಲ್ಲ ಹೋಗುತ್ತಿದ್ದೇನೆ. ಗುಡಿಯ ಕಟ್ಟೆಯಲ್ಲಿ, ಶಾಲೆಯ ಅಂಗಳದಲ್ಲಿ, ಆಮೇಲೆ ಬರೆದ ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲಿಗೆ ತಿಳಿಯಬೇಕಾದವು

ಬಿಸಿಲು, ಗಾಳಿ ಎರಡೂ ಪುಕ್ಕಟೆ ಅದಾವಲ್ರೀ, ಅವಕ್ಕ ಗಣಿ ಯಾಕ ಬೇಕು?

ಬಿಸಿಲು ಮತ್ತು ಗಾಳಿ ಪುಕ್ಕಟೆ ಸಿಗುತ್ತವೆ, ಅವನ್ನು ವಿದ್ಯುತ್ತಾಗಿಸುವ ಯಂತ್ರಕ್ಕೆ ಮಾತ್ರ ಲೋಹ ಬೇಕು. ಗದಗದ ಗುಡ್ಡಗಳ ಮೇಲೆ ತಿರುಗುವ, ನಮ್ಮ ಜನ ಫ್ಯಾನು ಎಂದೇ ಕರೆಯುವ ಗಾಳಿಯಂತ್ರವನ್ನು ನೋಡಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಂಥ ಯಂತ್ರದ ಪ್ರತಿ ಮೆಗಾವಾಟ್ ಸಾಮರ್ಥ್ಯಕ್ಕೆ ಸುಮಾರು 2.9 ಟನ್ ತಾಮ್ರ ಬೇಕಾಗುತ್ತದೆ. ಅದೇ ಲೆಕ್ಕದಲ್ಲಿ, ಉಕ್ಕು ಮತ್ತು ಅಲ್ಯೂಮಿನಿಯಂ ಬಿಟ್ಟು, ಸಾಮಾನ್ಯ ಕಾರಿಗೆ ಸುಮಾರು 34 ಕಿಲೋ ಖನಿಜ ಸಾಕಾದರೆ ವಿದ್ಯುತ್ ಕಾರಿಗೆ 207 ಕಿಲೋ ಬೇಕು. ಅದರಲ್ಲಿ 53 ಕಿಲೋ ತಾಮ್ರ, 66 ಕಿಲೋ ಗ್ರಾಫೈಟ್, 9 ಕಿಲೋದಷ್ಟು ಲಿಥಿಯಂ. ಇಂದು ಎಷ್ಟೋ ತಾಮ್ರದ ಗಣಿಗಳ ಅದಿರಿನಲ್ಲಿ ತಾಮ್ರ ನೂರಕ್ಕೆ ಒಂದು ಪಾಲೂ ಇರುವುದಿಲ್ಲವಾದ್ದರಿಂದ, ಒಂದು ಕಾರಿನ ತಾಮ್ರಕ್ಕಾಗಿ 5 ಟನ್ನಿಗಿಂತ ಹೆಚ್ಚು ಕಲ್ಲನ್ನು ಅಗೆದು ಅರೆಯಬೇಕಾಗುತ್ತದೆ. ಆ ಕಲ್ಲು ಯಾವುದೋ ಊರಿನ ಮಗ್ಗುಲಿನಿಂದ ಬರುತ್ತದೆ, ಅರೆದುಳಿದ ಪುಡಿ ಅದೇ ಊರಿನ ಮಗ್ಗುಲಲ್ಲಿ ಉಳಿಯುತ್ತದೆ.

ಇಷ್ಟು ಕೇಳಿ ಕಲ್ಲಿದ್ದಲೇ ಲೇಸೆಂದು ತೀರ್ಮಾನಿಸಬಾರದು. ಭಾರತವೊಂದೇ ಈಗ ವರ್ಷಕ್ಕೆ 100 ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ತೆಗೆಯುತ್ತಿದೆ, ಸುಟ್ಟ ಮೇಲೆ ಮತ್ತೆ ಅಷ್ಟೇ ತೆಗೆಯಬೇಕು. ಲೋಹವನ್ನು ಒಮ್ಮೆ ತೆಗೆದರೆ ಕರಗಿಸಿ ಮತ್ತೆ ಬಳಸಬಹುದು. ಮಳೆಯನ್ನೇ ನಂಬಿದ ನಮ್ಮ ಸೀಮೆಗೆ ಹವಾಮಾನ ಕೆಡುವುದರ ಪೆಟ್ಟು ಎಲ್ಲರಿಗಿಂತ ಮೊದಲು ಬೀಳುವುದರಿಂದ ಈ ಬದಲಾವಣೆ ಬೇಕೇ ಬೇಕು ಎಂದು ನಾನು ನಂಬಿದ್ದೇನೆ. ಅದರ ಭಾರವನ್ನು ಯಾರು ಹೊರುತ್ತಾರೆ, ಅವರನ್ನು ಕೇಳಿ ಹೊರಿಸಲಾಗಿದೆಯೇ ಎಂಬುದೇ ಕೆಳಗಿನ ಎಲ್ಲ ಉತ್ತರಗಳ ವಿಷಯ.

"ನಿರ್ಣಾಯಕ ಖನಿಜ" ಎಂದರೆ ಪರಿಸರಕ್ಕೆ ಒಳ್ಳೆಯದಾದ ಖನಿಜವೇ?

ಅಲ್ಲ, ಈ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಕೇಂದ್ರ ಗಣಿ ಸಚಿವಾಲಯ 2023ರ ಜೂನ್‌ನಲ್ಲಿ 30 ಖನಿಜಗಳನ್ನು ನಿರ್ಣಾಯಕ ಎಂದು ಪಟ್ಟಿ ಮಾಡಿತು. ದೇಶದ ಆರ್ಥಿಕತೆಗೆ ಅದು ಎಷ್ಟು ಮುಖ್ಯ, ಹೊರಗಿನಿಂದ ಬರುವುದು ನಿಂತರೆ ಎಷ್ಟು ತೊಂದರೆ ಎಂಬುದೇ ಆ ಪಟ್ಟಿಯ ಒರೆಗಲ್ಲು. ಹೀಗಾಗಿ ಬ್ಯಾಟರಿಗೆ ಬೇಕಾದ ಲಿಥಿಯಂ, ಕೋಬಾಲ್ಟ್, ನಿಕ್ಕಲ್, ಗ್ರಾಫೈಟ್‌ಗಳ ಜೊತೆಗೆ ಗೊಬ್ಬರಕ್ಕೆ ಬೇಕಾದ ಪೊಟ್ಯಾಷ್ ಮತ್ತು ರಂಜಕವೂ, ಯುದ್ಧ ಸಾಮಗ್ರಿಗೆ ಬೇಕಾದ ಟಂಗ್‌ಸ್ಟನ್ನೂ ಅದರಲ್ಲಿವೆ. ಅದೇ ವರ್ಷ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿಯಾಗಿ 24 ಖನಿಜಗಳು ಮೊದಲ ಅನುಸೂಚಿಯ "ಡಿ" ಭಾಗಕ್ಕೆ ಸೇರಿದವು. ಇವುಗಳ ಗುತ್ತಿಗೆಯ ಹರಾಜನ್ನು ಕೇಂದ್ರ ಸರಕಾರವೇ ನಡೆಸುತ್ತದೆ, ಆದಾಯ ರಾಜ್ಯಕ್ಕೆ ಬರುತ್ತದೆ.

ಎರಡು ಪಟ್ಟಿಗಳೂ ಒಂದೇ ಅಲ್ಲ ಎಂಬುದನ್ನು ನೆನಪಿಡಿ: ತಾಮ್ರ 30ರ ಪಟ್ಟಿಯಲ್ಲಿದೆ, 24ರಲ್ಲಿ ಇಲ್ಲ. ಮ್ಯಾಂಗನೀಸ್, ಕಬ್ಬಿಣ, ಚಿನ್ನ ಎರಡರಲ್ಲೂ ಇಲ್ಲ. ಈ ಸಣ್ಣ ವ್ಯತ್ಯಾಸ ಮುಂದೆ, ಊರವರ ಮಾತು ಕೇಳುವ ಆಲಿಕೆ ಸಭೆಯ ಪ್ರಶ್ನೆಯಲ್ಲಿ ದೊಡ್ಡದಾಗುತ್ತದೆ.

ನಮ್ಮ ಭಾಗದ ನೆಲದಾಗ ಇಂಥಾವು ಅದಾವೇನು?

ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ನಮ್ಮ ಊರಿನ ಹೆಸರಿದೆ. 19ನೆಯ ಶತಮಾನದ ಕೊನೆಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಪುರಾತನ ಪದರಶಿಲೆಗಳಿಗೆ ಧಾರವಾಡದ ಹೆಸರಿಟ್ಟರು. ಸುಮಾರು 260ರಿಂದ 300 ಕೋಟಿ ವರ್ಷ ಹಳೆಯದಾದ ಈ ಶಿಲೆಗಳ ಒಂದು ಪಟ್ಟಿ ಗದಗದಿಂದ ಹೊರಟು ಚಿತ್ರದುರ್ಗವನ್ನು ಹಾದು ಶ್ರೀರಂಗಪಟ್ಟಣದ ತನಕ ಹೋಗುತ್ತದೆ. ಕಪ್ಪತಗುಡ್ಡ ಅದರ ಉತ್ತರದ ತುದಿಯಲ್ಲಿದೆ. ಅಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಚಿನ್ನದ ಕುರುಹುಗಳಿವೆ. ಅತ್ತಿಕಟ್ಟಿ, ಕಬಲಾಯತಕಟ್ಟಿಗಳ ಸುತ್ತ 20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಚಿನ್ನ ತೆಗೆದು ಬಿಟ್ಟುಹೋದವು. ಇದೇ ಪಟ್ಟಿಯಲ್ಲಿ ದಕ್ಷಿಣಕ್ಕೆ, ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದಿತ್ತು.

ಲಿಥಿಯಂ ವಿಷಯದಲ್ಲಿ ಕರ್ನಾಟಕದಲ್ಲಿ ಹೆಚ್ಚು ಸುದ್ದಿಯಾದದ್ದು ಮಂಡ್ಯ ಜಿಲ್ಲೆಯ ಮರ್ಲಗಲ್ಲ. ಗಾಳಿಯಂತ್ರ, ವಿದ್ಯುತ್ ಮೋಟಾರುಗಳ ಅಯಸ್ಕಾಂತಕ್ಕೆ ಬೇಕಾದ ವಿರಳ ಭೂಧಾತುಗಳ ಮುಖ್ಯ ಆಕರ ಕೇರಳ, ತಮಿಳುನಾಡು, ಒಡಿಶಾಗಳ ಕಡಲತೀರದ ಮರಳು. ಅಂದರೆ ಇವತ್ತಿಗೆ ಹುಬ್ಬಳ್ಳಿ-ಧಾರವಾಡದವರು ಈ ಖನಿಜಗಳ ಗಿರಾಕಿಗಳು, ಗದಗದವರು ಗಿರಾಕಿಗಳೂ ಹೌದು, ನಾಳೆ ಗಣಿಯ ನೆರೆಯವರೂ ಆಗಬಹುದು.

ಪೇಪರಿನಾಗ "ನಿಕ್ಷೇಪ ಪತ್ತೆ" ಅಂತ ಬಂದ್ರ ಗಣಿ ಶುರು ಆದಂಗೇನು?

ಇಲ್ಲ. ಶೋಧ ನಾಲ್ಕು ಹಂತಗಳಲ್ಲಿ ಸಾಗುತ್ತದೆ. ಮೇಲುಮೇಲಿನ ಸಮೀಕ್ಷೆಗೆ ಜಿ4 ಎಂದೂ ಅತ್ಯಂತ ವಿವರವಾದ ಅನ್ವೇಷಣೆಗೆ ಜಿ1 ಎಂದೂ ಹೆಸರು. ಮರ್ಲಗಲ್ಲದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಅಂದಾಜು ಬಂತು. ಪರಮಾಣು ಖನಿಜಗಳ ನಿರ್ದೇಶನಾಲಯ ಆಮೇಲೆ ಹೇಳಿದ್ದು 1,600 ಟನ್. ಒಂದು ಗ್ರಾಮೂ ನಷ್ಟವಾಗದೆ ತೆಗೆದರೂ ಅದು ಸುಮಾರು 1.8 ಲಕ್ಷ ಕಾರುಗಳಿಗೆ ಸಾಕಾಗುವಷ್ಟು. ಸುದ್ದಿ ಕೇಳಿದ ದಿನವೇ ದಲ್ಲಾಳಿಗಳು ಬಂದು ಹೊಲದ ಬೆಲೆ ಮಾತಾಡತೊಡಗುತ್ತಾರೆ; ಆ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

## ಹೊಲ ಮತ್ತು ಹಕ್ಕು

ಉತಾರ (ಪಹಣಿ) ನನ್ನ ಹೆಸರಿಗೆ ಐತಿ. ಹೊಲದ ಬುಡಕ ಇರೋ ಖನಿಜ ನಂದಲ್ಲೇನು?

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 70ನೆಯ ಕಲಮಿನಂತೆ ಗಣಿ ಮತ್ತು ಖನಿಜಗಳ ಹಕ್ಕು ರಾಜ್ಯ ಸರಕಾರದ್ದು. ಮೇಲ್ಮಣ್ಣು ನಿಮ್ಮದು. ಕೇರಳದ ಮಲಬಾರ್ ಭಾಗದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ, ಕಾನೂನು ಬೇರೆ ರೀತಿ ಹೇಳದಿದ್ದರೆ ಭೂಮಾಲೀಕನೇ ಕೆಳಗಿನ ಖನಿಜದ ಒಡೆಯ ಎಂದಿತು. ಆ ತೀರ್ಪನ್ನು ಹಿಡಿದು ಅನೇಕರು ಆಸೆಪಟ್ಟರು. ನಮ್ಮಲ್ಲಿ ಕಾನೂನು ಬೇರೆ ರೀತಿ ಹೇಳಿಯೇ ಇದೆ.

ಹಾಗೆಂದು ನಿಮ್ಮ ಕೈ ಬರಿದಲ್ಲ. ಗುತ್ತಿಗೆ ಹಿಡಿದ ಕಂಪನಿ ನಿಮ್ಮ ಮೇಲ್ಮಣ್ಣನ್ನು ಖರೀದಿಸಬೇಕು, ಇಲ್ಲವೇ ಅದರ ಬಳಕೆಗೆ ಪರಿಹಾರ ಕೊಡಬೇಕು, ಇಲ್ಲವೇ ಸರಕಾರ ಸ್ವಾಧೀನ ಮಾಡಿಕೊಳ್ಳಬೇಕು. ಸ್ವಾಧೀನವಾದರೆ ನೋಟಿಸು ಯಾವ ಕಾಯ್ದೆಯಡಿ ಬಂದಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಓದಿಸಿಕೊಳ್ಳಿ. 2013ರ ಭೂಸ್ವಾಧೀನ ಕಾಯ್ದೆಯಾದರೆ ಖಾಸಗಿ ಕಂಪನಿಗಾಗಿ ತೆಗೆದುಕೊಳ್ಳುವಾಗ ಭೂಮಿ ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇ 80ರಷ್ಟು ಒಪ್ಪಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆಯಡಿ ಬಂದರೆ ಆ ಒಪ್ಪಿಗೆಯ ಶರತ್ತು ಇಲ್ಲ. ಎರಡು ನೋಟಿಸುಗಳೂ ನೋಡಲು ಒಂದೇ ತರಹ ಇರುತ್ತವೆ.

ಲಾವಣಿ ಹಾಕಿ ಹೊಲ ಮಾಡಾವ್ರಿಗೆ, ಕೂಲಿಯವ್ರಿಗೆ, ಕುರಿ ಕಾಯಾವ್ರಿಗೆ ಏನು ಸಿಗ್ತದ?

ಈ ಪ್ರಶ್ನೆಯನ್ನು ಮುಂಡರಗಿ ಕಡೆಯ ಒಬ್ಬ ತಾಯಿ, ಸಭೆಯೆಲ್ಲ ಮುಗಿದು ಗಂಡಸರು ಎದ್ದುಹೋದ ಮೇಲೆ ಕೇಳಿದರು. ಅಂದಿನಿಂದ ನಾನು ಮಾತು ಆರಂಭಿಸುವುದೇ ಇದರಿಂದ.

2013ರ ಕಾಯ್ದೆ ಇವರನ್ನು ಮರೆತಿಲ್ಲ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅದೇ ಭೂಮಿಯಲ್ಲಿ ಲಾವಣಿ (ಗೇಣಿ), ಪಾಲು ಅಥವಾ ಕೂಲಿ ಮಾಡಿ ಅದರಿಂದಲೇ ಮುಖ್ಯವಾಗಿ ಬದುಕಿದ ಕುಟುಂಬವೂ "ಬಾಧಿತ ಕುಟುಂಬ". ಸೋಲುವುದು ಪುರಾವೆಯ ಹಂತದಲ್ಲಿ. ಲಾವಣಿ ಬಾಯಿಮಾತಿನದು, ಕೂಲಿಗೆ ಕಾಗದವಿಲ್ಲ, ಗಾಯರಾಣದಲ್ಲಿ (ಗೋಮಾಳದಲ್ಲಿ) ಕುರಿ ಮೇಯಿಸಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಕಂಪನಿ ಹೊಲವನ್ನು ನೇರವಾಗಿ ಖರೀದಿಸಿದಾಗಲಂತೂ ಲೆಕ್ಕ ಮಾಲೀಕನ ಜೊತೆಗೇ ಮುಗಿಯುತ್ತದೆ. ಶೇಂಗಾ ಕೀಳುವ, ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳ ವರ್ಷದ ದುಡಿಮೆ ಯಾವ ಪತ್ರದಲ್ಲೂ ಕಾಣದೆ ಹೋಗುತ್ತದೆ. ಪರಿಹಾರದ ಚೆಕ್ಕು ಬರುವುದು ಉತಾರದಲ್ಲಿ ಹೆಸರಿದ್ದವರಿಗೆ, ಆ ಹೆಸರು ಹೆಚ್ಚಾಗಿ ಗಂಡಸಿನದು. ನ್ಯಾಯದ ಮಾತನ್ನು ಎಕರೆಗೆ ಎಷ್ಟು ಎಂಬಲ್ಲಿಗೇ ನಿಲ್ಲಿಸಿದರೆ ಊರಿನ ಅರ್ಧ ಜನರನ್ನು ಲೆಕ್ಕದಿಂದ ಕೈಬಿಟ್ಟಂತಾಗುತ್ತದೆ.

ಗ್ರಾಮಸಭೆ ಒಕ್ಕೊರಲಿಂದ ಬ್ಯಾಡ ಅಂದ್ರ ಗಣಿ ನಿಲ್ತದೇನು?

ನಿಂತ ಉದಾಹರಣೆ ಇದೆ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿಯ ಬಗ್ಗೆ ಗ್ರಾಮಸಭೆಗಳೇ ನಿರ್ಧರಿಸಲಿ ಎಂದು ಸುಪ್ರೀಂ ಕೋರ್ಟು 2013ರ ಏಪ್ರಿಲ್ 18ರಂದು ಹೇಳಿತು. ಸಭೆ ಸೇರಿದ 12 ಊರುಗಳೂ ಬೇಡ ಎಂದವು, ಗಣಿ ನಿಂತಿತು. (ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಪ್ರಕರಣದ ಮುಖ್ಯ ತೀರ್ಪು ಬಂದದ್ದೂ ಅದೇ ದಿನ.) ಆದರೆ ನಿಯಮಗಿರಿಯ ಬಲ ಬಂದದ್ದು ಅರಣ್ಯ ಹಕ್ಕು ಕಾಯ್ದೆಯಿಂದ, ಅಲ್ಲಿನ ಆದಿವಾಸಿಗಳ ದೈವದ ಬೆಟ್ಟದ ಹಕ್ಕಿನಿಂದ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶವೇ ಇಲ್ಲವಾದ್ದರಿಂದ ಅಂಥ ಪ್ರದೇಶಗಳ ಗ್ರಾಮಸಭೆಗಳಿಗಿರುವ ವಿಶೇಷ ಅಧಿಕಾರ ನಮ್ಮ ಊರುಗಳಿಗಿಲ್ಲ. ಅರಣ್ಯ ಭೂಮಿಯಿದ್ದಲ್ಲಿ ಅರಣ್ಯ ಹಕ್ಕು ಕಾಯ್ದೆಯ ದಾರಿಯಿದೆ. ಬರೀ ಎರೆ ಹೊಲವಿದ್ದಲ್ಲಿ ಗ್ರಾಮಸಭೆಯ ಠರಾವು ಬಲವಾದ ಸಾಕ್ಷಿಯಷ್ಟೇ.

ಸಾಕ್ಷಿಯ ಬಲವೂ ಸಣ್ಣದಲ್ಲ. ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ 3,382 ಎಕರೆ ಸ್ವಾಧೀನಕ್ಕೆ ಸರಕಾರ ಹೊರಟಾಗ ರೈತರಿಗೆ ಕಾನೂನಿನಲ್ಲಿ ತಡೆಯುವ ಅಧಿಕಾರವಿರಲಿಲ್ಲ. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತರು, ಊರುಗಳು ಒಂದಾದವು, 2011ರ ಜುಲೈನಲ್ಲಿ ಸರಕಾರ ಹಿಂದೆ ಸರಿಯಿತು.

ಸಾರ್ವಜನಿಕ ಆಲಿಕೆ ಸಭೆಯನ್ನೇ ಕೈಬಿಟ್ಟಿದ್ದಾರೆ ಎಂದು ಕೇಳಿದೆ. ನಿಜವೇ?

ನಿಜ, ಎಲ್ಲ ಗಣಿಗಳಿಗಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಗಣಿಗೆ ಪರಿಸರ ಅನುಮತಿ ಕೊಡುವ ಮುನ್ನ ಯೋಜನೆಯ ಜಾಗದಲ್ಲೇ ಅಥವಾ ಅದರ ಹತ್ತಿರದಲ್ಲೇ ಆಲಿಕೆ ಸಭೆ ನಡೆಯಬೇಕು. 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ, ಕನ್ನಡದಲ್ಲಿ ವರದಿಯ ಸಾರಾಂಶ, ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದ ದರ್ಜೆಯ ಅವರ ಪ್ರತಿನಿಧಿಯ ಅಧ್ಯಕ್ಷತೆ, ವಿಡಿಯೋ ದಾಖಲೆ, ಕೊನೆಗೆ ನಡಾವಳಿಯನ್ನು ಸಭೆಯಲ್ಲೇ ಕನ್ನಡದಲ್ಲಿ ಓದಿ ಹೇಳುವುದು: ಇವೆಲ್ಲ ಕಡ್ಡಾಯ. ಜನ ಎತ್ತಿದ ಆಕ್ಷೇಪಗಳಿಗೆ ಅಂತಿಮ ವರದಿಯಲ್ಲಿ ಕಂಪನಿ ಉತ್ತರಿಸಲೇಬೇಕು.

ಪರಿಸರ ಸಚಿವಾಲಯವು 2025ರ ಸೆಪ್ಟೆಂಬರ್ 8ರ ಜ್ಞಾಪನದ ಮೂಲಕ ಪರಮಾಣು ಖನಿಜಗಳನ್ನೂ "ಡಿ" ಭಾಗದ 24 ಖನಿಜಗಳನ್ನೂ ತೆಗೆಯುವ ಯೋಜನೆಗಳಿಗೆ ಈ ಸಭೆಯಿಂದ ವಿನಾಯಿತಿ ಕೊಟ್ಟಿತು. ಕಾರಣವಾಗಿ ದೇಶದ ರಕ್ಷಣೆ ಮತ್ತು ಆಯಕಟ್ಟಿನ ಅಗತ್ಯವನ್ನು ಹೇಳಿದೆ. ಗುತ್ತಿಗೆಯ ವಿಸ್ತೀರ್ಣ ಎಷ್ಟೇ ಇರಲಿ, ಪರಿಶೀಲನೆ ದಿಲ್ಲಿಯಲ್ಲೇ ನಡೆಯುತ್ತದೆ. ಪರಿಸರ ವರದಿ ಮತ್ತು ಅನುಮತಿ ಈಗಲೂ ಬೇಕು. ಊರನ್ನು ಕೇಳುವ ಹಂತ ಮಾತ್ರ ಹೋಯಿತು. ತಾಮ್ರ, ಮ್ಯಾಂಗನೀಸ್, ಚಿನ್ನ, ಕಬ್ಬಿಣಗಳು "ಡಿ" ಭಾಗದಲ್ಲಿ ಇಲ್ಲವಾದ್ದರಿಂದ ಅವುಗಳ ಗಣಿಗೆ ಆಲಿಕೆ ಸಭೆ ಉಳಿದಿದೆ. ವೆನೇಡಿಯಂ, ನಿಕ್ಕಲ್, ಲಿಥಿಯಂ ಎಂದರೆ ಇಲ್ಲ.

ಈ ವಿನಾಯಿತಿ ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಆಲಿಕೆ ಸಭೆಯಲ್ಲಿ ಗಣಿಯನ್ನು ನಿಲ್ಲಿಸುವ ಅಧಿಕಾರ ಊರಿಗೆ ಎಂದೂ ಇರಲಿಲ್ಲ. ವರದಿ ಬರೆದವರು ಕಾಣದ ಹಳ್ಳ, ಬೇಸಿಗೆಯಲ್ಲಿ ಮಾತ್ರ ಜೀವ ಹಿಡಿಯುವ ಒರತೆ, ಕುರಿ ಹಿಂಡು ಹಾದುಹೋಗುವ ದಾರಿ, ಇವನ್ನು ಊರವರು ಹೇಳುವ ಏಕೈಕ ಜಾಗ ಅದು. ಆ ಜಾಗವನ್ನು ತೆಗೆದರೆ ದೇಶದ ಸುರಕ್ಷತೆ ಹೆಚ್ಚುವುದಿಲ್ಲ, ವರದಿಯ ತಪ್ಪುಗಳು ತಿದ್ದದೆ ಉಳಿಯುತ್ತವೆ. ಉಳಿದಿರುವ ದಾರಿ: ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಯೋಜನೆಯ ಕಾಗದಗಳನ್ನು ಹುಡುಕಿ ಕೇಂದ್ರದ ತಜ್ಞರ ಸಮಿತಿಗೆ ಲಿಖಿತ ಆಕ್ಷೇಪ ಕಳಿಸುವುದು, 2013ರ ಕಾಯ್ದೆಯಡಿ ಸ್ವಾಧೀನವಿದ್ದರೆ ಅದರ ಸಾಮಾಜಿಕ ಅಧ್ಯಯನದ ಸಭೆಯನ್ನು ಬಳಸುವುದು, ಅರಣ್ಯವಿದ್ದಲ್ಲಿ ಅರಣ್ಯ ಹಕ್ಕಿನ ಗ್ರಾಮಸಭೆ.

## ಕೆಲಸ, ದುಡ್ಡು, ನೀರು

ಗಣಿ ಬಂದ್ರ ನಮ್ಮ ಹುಡುಗೂರಿಗೆ ಕೆಲಸ ಆದ್ರೂ ಸಿಗ್ತದಲ್ರೀ?

ಕೆಲವರಿಗೆ ಸಿಗುತ್ತದೆ. ಇಂದಿನ ತೆರೆದ ಗಣಿ ಯಂತ್ರಗಳ ಗಣಿ. ಯಂತ್ರ ನಡೆಸುವ ತರಬೇತಿ ಇಲ್ಲದ ಊರಿನ ಹುಡುಗರಿಗೆ ಕಾವಲು, ಸ್ವಚ್ಛತೆ, ಲಾರಿ ಲೋಡಿಂಗಿನಂಥ ಗುತ್ತಿಗೆದಾರನ ಕೆಲಸ ಉಳಿಯುತ್ತದೆ. ಹೋಗುವ ಕೆಲಸವನ್ನೂ ಎಣಿಸಿ: ದೂಳು ಕುಳಿತ ಮೆಣಸಿನಕಾಯಿಗೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಒಳ್ಳೆಯ ದರ ಕೇಳುವುದು ಕಷ್ಟ. ಕೆಲಸದ ಭರವಸೆ ಕೊಟ್ಟರೆ ಎಷ್ಟು ಜನ, ಯಾವ ಹುದ್ದೆ, ಎಷ್ಟು ವರ್ಷ, ಕಾಯಮ್ಮೋ ಗುತ್ತಿಗೆಯೋ ಎಂಬುದನ್ನು ಬರೆಸಿಕೊಳ್ಳಿ, ತರಬೇತಿ ಗಣಿ ಆರಂಭಕ್ಕೆ ಮೊದಲೇ ಶುರುವಾಗಲಿ ಎಂದು ಕೇಳಿ.

ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಊರಿಗೆ ಬರುತ್ತದೆಯಲ್ಲ, ಅದು ಸಾಲದೇ?

ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಈ ಪ್ರತಿಷ್ಠಾನ ಒಳ್ಳೆಯ ವ್ಯವಸ್ಥೆ. ಗಣಿಯಿಂದ ಬಾಧಿತರಾದ ಜನ ಮತ್ತು ಪ್ರದೇಶದ ಹಿತಕ್ಕಾಗಿಯೇ ಅದರ ಹಣ. ಹಳೆಯ ಗುತ್ತಿಗೆಗಳವರು ರಾಜಧನದ (ತೆಗೆದ ಖನಿಜಕ್ಕಾಗಿ ಸರಕಾರಕ್ಕೆ ಕಟ್ಟುವ ಹಣದ) ಶೇ 30ರಷ್ಟನ್ನೂ ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನೂ ಹೆಚ್ಚುವರಿಯಾಗಿ ಕಟ್ಟುತ್ತಾರೆ. 2024ರ ಮಾರ್ಗಸೂಚಿ ಗಣಿಯಿಂದ 15 ಕಿಲೋಮೀಟರ್ ಒಳಗಿನ ಊರುಗಳನ್ನು ನೇರ ಬಾಧಿತ ಎಂದು ಗುರುತಿಸುತ್ತದೆ, ಶೇ 70ರಷ್ಟು ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೆ ಹೋಗಬೇಕೆನ್ನುತ್ತದೆ.

ಈಗ ಲೆಕ್ಕ ಹಾಕೋಣ. ಕಬ್ಬಿಣದ ಅದಿರಿನ ರಾಜಧನ ಶೇ 15. ನೂರು ರೂಪಾಯಿಯ ಅದಿರಿಗೆ 15 ರೂಪಾಯಿ ರಾಜಧನ. ಹಳೆಯ ಗುತ್ತಿಗೆಯಾದರೆ ಪ್ರತಿಷ್ಠಾನಕ್ಕೆ ನಾಲ್ಕೂವರೆ ರೂಪಾಯಿ, ಹರಾಜಿನದಾದರೆ ಒಂದೂವರೆ. ಲಿಥಿಯಂಗೆ 2023ರಲ್ಲಿ ನಿಗದಿಯಾದ ರಾಜಧನ, ಅದಿರಿನಲ್ಲಿರುವ ಲೋಹದ ಲಂಡನ್ ಮಾರುಕಟ್ಟೆ ಬೆಲೆಯ ಶೇ 3. ನೂರು ರೂಪಾಯಿಯ ಲೋಹಕ್ಕೆ ಮೂರು ರೂಪಾಯಿ, ಅದರಲ್ಲಿ ಶೇ 10 ಎಂದರೆ 30 ಪೈಸೆ. ವಿರಳ ಭೂಧಾತುಗಳ ರಾಜಧನ ಶೇ 1, ಹಾಗಾದರೆ ಊರಿಗೆ 10 ಪೈಸೆ. ಬಂಡವಾಳ ಬರಲಿ ಎಂದು ದರ ಇಳಿಸಿದ್ದಾರೆ. ಹಾಗೆ ಇಳಿಸುವಾಗ ಊರಿನ ಪಾಲು ರಾಜಧನಕ್ಕೇ ಕಟ್ಟಿಕೊಂಡಿದೆ ಎಂಬುದನ್ನು ಯಾರೂ ನೆನೆಯಲಿಲ್ಲ. ಚಿಲಿ ದೇಶದ ಅಟಕಾಮದಲ್ಲಿ ಒಂದು ಲಿಥಿಯಂ ಕಂಪನಿ ಅಲ್ಲಿನ ಮೂಲನಿವಾಸಿಗಳ ಮಂಡಳಿಯೊಂದಿಗೆ 2016ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಮಾರಾಟದ ಶೇ 3.5ರಷ್ಟನ್ನು ಆ ಸಮುದಾಯಗಳಿಗೆ ಕೊಡುತ್ತದೆ. ಲೆಕ್ಕದ ವಿಧಾನ ಬೇರೆಯಿದ್ದರೂ ಅಂತರ ಎಷ್ಟೆಂದು ಕಣ್ಣಿಗೆ ಕಾಣುತ್ತದೆ.

ಬೋರಿನ ನೀರಿಗೆ ಏನಾಗ್ತದ?

ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಾಗ ಒಳಗೆ ನೀರು ತುಂಬುತ್ತದೆ. ಕೆಲಸ ನಡೆಯಬೇಕಾದರೆ ಅದನ್ನು ಹಗಲಿರುಳು ಹೊರಗೆ ಎತ್ತಬೇಕು. ಹಾಗೆ ಎತ್ತಿದಷ್ಟೂ ಸುತ್ತಲಿನ ಬಾವಿ, ಬೋರುಗಳ ನೀರು ಗುಂಡಿಯ ಕಡೆಗೆ ಇಳಿಯುತ್ತದೆ. ನಮ್ಮ ಗಟ್ಟಿ ಕಲ್ಲಿನಲ್ಲಿ ನೀರು ಬಿರುಕುಗಳಲ್ಲಿ ಮಾತ್ರ ಇರುವುದರಿಂದ ಎರಡು ಕಿಲೋಮೀಟರ್ ದೂರದ ಬೋರು ಬತ್ತಿ, ಪಕ್ಕದ್ದು ಹಾಗೇ ಉಳಿಯಬಹುದು. ಕಂಪನಿಯ ಕಡೆಯವರು ತೋರಿಸುವುದು ಉಳಿದ ಬೋರನ್ನು.

ಎರಡನೆಯದು ನೀರಿನ ಗುಣ. ಗಂಧಕ ಬೆರೆತ ಅದಿರು ಗಾಳಿ-ಮಳೆಗೆ ಬಿದ್ದರೆ ಆಮ್ಲದ ನೀರು ಹರಿಯುತ್ತದೆ, ಆ ಆಮ್ಲ ಕಲ್ಲಿನೊಳಗಿನ ಇತರ ಲೋಹಗಳನ್ನೂ ಕರಗಿಸಿ ತರುತ್ತದೆ. ಗದಗ ಪಟ್ಟಿಯ ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಇರುವ ಖನಿಜವಿದೆ. ಮುಂಡರಗಿ ಭಾಗದ ಅಂತರ್ಜಲದಲ್ಲಿ ಮೊದಲೇ ಫ್ಲೋರೈಡಿನ ತೊಂದರೆ ಇರುವಾಗ ಅದರ ಮೇಲೆ ಇನ್ನೊಂದನ್ನು ಹೇರುವುದು ಎಂಥ ಅಪಾಯ ಎಂಬುದನ್ನು ಹಲ್ಲು ಕಂದಿದ ಮಕ್ಕಳ ಊರಿಗೆ ಹೋದವರಿಗೆ ವಿವರಿಸಬೇಕಿಲ್ಲ.

ಗಣಿ ಮುಗಿದ ಮೇಲೆ?

ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಸಯನೈಡ್ ಬಳಸಿ ಚಿನ್ನ ತೆಗೆದುಳಿದ ಕೋಟ್ಯಂತರ ಟನ್ ಪುಡಿಯ ದಿಬ್ಬಗಳು ಇಂದಿಗೂ ಅಲ್ಲಿವೆ, ಗಾಳಿ ಬೀಸಿದಾಗ ಆ ಪುಡಿ ಮನೆಗಳಿಗೆ ನುಗ್ಗುತ್ತದೆ. ಗಣಿ ಮುಚ್ಚುವ ಯೋಜನೆ ಮತ್ತು ಅದಕ್ಕೆ ಠೇವಣಿ ಈಗ ಕಡ್ಡಾಯ. ಗುತ್ತಿಗೆಯ ಅವಧಿ 50 ವರ್ಷ. ಇಂದು ಮಾತು ಕೊಟ್ಟವರು ಯಾರೂ ಅಂದು ಇರುವುದಿಲ್ಲವಾದ್ದರಿಂದ ಮುಚ್ಚುವ ಯೋಜನೆಯ ಕನ್ನಡ ಪ್ರತಿ ಪಂಚಾಯಿತಿಯ ಕಪಾಟಿನಲ್ಲಿ ಮೊದಲ ದಿನದಿಂದಲೇ ಇರಬೇಕು.

## ಕಠಿಣ ಪ್ರಶ್ನೆಗಳು

ಕಪ್ಪತಗುಡ್ಡದ ಮ್ಯಾಲೆ ಫ್ಯಾನ್ ಹಾಕಾಕ ಬಿಟ್ಟವ್ರು ಗಣಿ ಅಂದ್ರ ಯಾಕ ಬ್ಯಾಡ ಅಂತೀರಿ?

ನೇರವಾದ ಪ್ರಶ್ನೆ, ನೇರವಾದ ಉತ್ತರಕ್ಕೆ ಅರ್ಹವಾದದ್ದು. ಗಾಳಿಯಂತ್ರವೂ ಗುಡ್ಡಕ್ಕೆ ಗಾಯ ಮಾಡಿದೆ: ಪ್ರತಿ ಕಂಬಕ್ಕೆ ರಸ್ತೆ ಕಡಿದಿದ್ದಾರೆ, ತಂತಿ ಎಳೆದಿದ್ದಾರೆ. ಹಾಗಿದ್ದರೂ ಕಂಬ ಕಿತ್ತರೆ ಗುಡ್ಡ ಉಳಿಯುತ್ತದೆ, ಗಣಿಯಾದರೆ ಗುಡ್ಡವೇ ಹೋಗುತ್ತದೆ. ಔಷಧಿ ಗಿಡಗಳಿಗೆ ಹೆಸರಾದ ಈ ಸಾಲಿಗೆ 2015ರಲ್ಲಿ ಸಂರಕ್ಷಿತ ಮೀಸಲಿನ ಸ್ಥಾನ ಸಿಕ್ಕಿತು, 2016ರಲ್ಲಿ ಸರಕಾರ ಅದನ್ನು ಹಿಂತೆಗೆಯಿತು, ಗದಗದ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಕೊಟ್ಟಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಧಾಮವಾಯಿತು. ವನ್ಯಧಾಮದೊಳಗೂ ಅದರ ಗಡಿಯಿಂದ ಒಂದು ಕಿಲೋಮೀಟರ್ ಒಳಗೂ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿ, 2023ರಲ್ಲಿ ಉಳಿದ ನಿರ್ಬಂಧಗಳನ್ನು ಸಡಿಲಿಸಿದಾಗಲೂ ಗಣಿಯ ನಿಷೇಧವನ್ನು ಹಾಗೆಯೇ ಉಳಿಸಿತು.

ಆದರೂ ಕೇಳಿದವರ ಮಾತಿನಲ್ಲಿ ಸತ್ಯವಿದೆ. ಫ್ಯಾನು ಬರುವಾಗ ನಾವು ಊರನ್ನು ಕೇಳಿದಿರಾ ಎಂದು ಕೇಳಲಿಲ್ಲ. ಹಸಿರು ಎಂಬ ಹೆಸರು ಕಂಡು ಸುಮ್ಮನಾದೆವು. ಅದೇ ಹೆಸರನ್ನು ಹೊತ್ತು ಈಗ ಗಣಿ ಬರುತ್ತಿದೆ.

ನಮ್ಮಲ್ಲಿ ಬೇಡ ಎಂದರೆ ಕಾಂಗೋದಲ್ಲೋ ಚಿಲಿಯಲ್ಲೋ ಅಗೆಯುತ್ತಾರೆ. ಅದು ಯಾವ ನ್ಯಾಯ?

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಹುಬ್ಬಳ್ಳಿಯ ಒಬ್ಬ ವಿದ್ಯಾರ್ಥಿನಿ ಪತ್ರದಲ್ಲಿ ಕೇಳಿದ್ದಳು. ಜಗತ್ತಿನ ಕೋಬಾಲ್ಟಿನ ಶೇ 70ಕ್ಕೂ ಹೆಚ್ಚು ಭಾಗ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ, ಅದರಲ್ಲೊಂದು ಪಾಲನ್ನು ಕೈಯಿಂದಲೇ ಸುರಂಗ ತೋಡಿ ತೆಗೆಯುತ್ತಾರೆ, ಮಕ್ಕಳೂ ಆ ಕೆಲಸದಲ್ಲಿದ್ದಾರೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ ಖನಿಜಗಳ 5,097 ಯೋಜನೆಗಳನ್ನು ಪರಿಶೀಲಿಸಿ, ಶೇ 54ರಷ್ಟು ಮೂಲನಿವಾಸಿಗಳ ನೆಲದ ಮೇಲೆ ಅಥವಾ ಅದರ ಸಮೀಪದಲ್ಲಿವೆ ಎಂದು ಕಂಡುಕೊಂಡಿತು. ಭಾರತ ಸರಕಾರದ ಕಂಪನಿಯೂ 2024ರಲ್ಲಿ ಅರ್ಜೆಂಟೀನಾದ ಕಟಮಾರ್ಕಾದಲ್ಲಿ 15,703 ಹೆಕ್ಟೇರಿನ ಐದು ಲಿಥಿಯಂ ಬ್ಲಾಕುಗಳನ್ನು ಪಡೆದಿದೆ. ಹಾಗಾಗಿ ಕಪ್ಪತಗುಡ್ಡದಲ್ಲಿ ಬೇಡ ಎಂದು ಹೇಳಿ ಕಟಮಾರ್ಕಾದ ಬಗ್ಗೆ ಕಣ್ಣು ಮುಚ್ಚುವ ಹಕ್ಕು ನಮಗಿಲ್ಲ.

ಆ ಹುಡುಗಿಗೆ ನಾನು ಬರೆದದ್ದು ಇಷ್ಟು: ಎಲ್ಲ ಗಣಿಯೂ ಬೇಡ ಎಂಬುದು ನನ್ನ ಮಾತಲ್ಲ. ಕೆಲವು ಜಾಗಗಳಲ್ಲಿ ಖಂಡಿತ ಕೂಡದು, ಉಳಿದೆಡೆ ಊರಿನವರ ಒಪ್ಪಿಗೆಯಿಂದ, ಅವರ ಪಾಲಿನೊಂದಿಗೆ ಆಗಲಿ. ನಮ್ಮ ಊರಿಗೆ ಕೇಳುವ ಶರತ್ತುಗಳನ್ನೇ ನಮ್ಮ ದೇಶದ ಕಂಪನಿ ಹೊರದೇಶದ ಊರುಗಳಲ್ಲಿ ಪಾಲಿಸುತ್ತಿದೆಯೇ ಎಂದು ಕೇಳುವವರೂ ನಾವೇ ಆಗಬೇಕು. ಬಳಕೆಯಲ್ಲೂ ಆಯ್ಕೆಯಿದೆ: ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗೆ ಕೋಬಾಲ್ಟೂ ನಿಕ್ಕಲ್ಲೂ ಬೇಕಿಲ್ಲ, ಒಂದು ಬಸ್ಸಿನ ಬ್ಯಾಟರಿ ದಿನವೂ ನೂರಾರು ಜನರನ್ನು ಒಯ್ಯುತ್ತದೆ, ಕಾರಿನದು ಒಂದು ಮನೆಯವರನ್ನು.

ಹಳೇ ಬ್ಯಾಟರಿ ಕರಗಿಸಿದ್ರ ಹೊಸಾ ಗಣಿನ ಬ್ಯಾಡಲ್ರೀ?

ಕಡಿಮೆ ಬೇಕಾಗುತ್ತದೆ, ಸದ್ಯಕ್ಕೆ ಬೇಡವೇ ಬೇಡ ಎನ್ನುವಂತಿಲ್ಲ. ಇಂದು ರಸ್ತೆಗಿಳಿದ ಬ್ಯಾಟರಿ ಗುಜರಿಗೆ ಬರಲು ಎಂಟು-ಹತ್ತು ವರ್ಷ ಬೇಕು, ಅಷ್ಟರಲ್ಲಿ ಬೇಡಿಕೆ ಹಲವು ಪಟ್ಟು ಬೆಳೆದಿರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಿದ್ಯುತ್ ವಾಹನದ ಬ್ಯಾಟರಿಯಿಂದ 2026-27ರ ಹೊತ್ತಿಗೆ ಶೇ 90ರಷ್ಟು ವಸ್ತುವನ್ನು ಮರಳಿ ಪಡೆಯಬೇಕೆನ್ನುತ್ತವೆ. ಗುಜರಿ ಅಂಗಡಿಯ ಹಿತ್ತಿಲಲ್ಲಿ ಸೀಸದ ಬ್ಯಾಟರಿ ಒಡೆಯುವ ಹುಡುಗನ ಕೈಗವಸಿಲ್ಲದ ಕೈಗಳನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಗಣಿಯೂರಿಗೆ ನ್ಯಾಯ ಕೇಳುವವರು ಅವನನ್ನು ಬಿಟ್ಟು ಕೇಳಲಾಗದು.

ನಮ್ಮೂರಿಗೆ ಸರ್ವೆ ಮಾಡಾವ್ರು ಬಂದಾರ. ಈಗ ಏನ್ ಮಾಡೋಣ್ರಿ?

ಜಗಳಕ್ಕೆ ಇಳಿಯಬೇಡಿ, ಅನುಮತಿ ಪತ್ರ ಕೇಳಿ. ಯಾವ ಖನಿಜ, ಯಾವ ಹಂತದ ಶೋಧ, ಬ್ಲಾಕಿನ ನಕ್ಷೆಯಲ್ಲಿ ಯಾವ ಯಾವ ಸರ್ವೆ ನಂಬರುಗಳಿವೆ ಎಂಬುದನ್ನು ಬರೆದುಕೊಳ್ಳಿ. ಕೊಡದಿದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಖನಿಜ ಯಾವುದೆಂದು ತಿಳಿದರೆ ಆಲಿಕೆ ಸಭೆ ಇರುತ್ತದೋ ಇಲ್ಲವೋ ಎಂಬುದು ತಾನೇ ತಿಳಿಯುತ್ತದೆ. ವಾರಸಾ ಮಾಡಿಸದೆ ಸತ್ತ ಅಜ್ಜನ ಹೆಸರಿನಲ್ಲೇ ಉತಾರ ಉಳಿದಿದ್ದರೆ ಈಗಲೇ ಮಾಡಿಸಿ, ಹೆಣ್ಣುಮಕ್ಕಳ ಹೆಸರೂ ಸೇರಲಿ. ಲಾವಣಿಯನ್ನು ಕಾಗದಕ್ಕೆ ಇಳಿಸಿ. ಗಾಯರಾಣವನ್ನು, ಕುರಿದಾರಿಯನ್ನು ಯಾರು ಯಾವ ತಿಂಗಳು ಬಳಸುತ್ತಾರೆ ಎಂಬುದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.

ನೀರಿನ ಲೆಕ್ಕವನ್ನು ಮಾತ್ರ ನಾಳೆಗೆ ಬಿಡಬೇಡಿ. ಗಣಿ ಶುರುವಾದ ಮೇಲೆ ಬೋರು ಬತ್ತಿತು ಎಂದರೆ, ಮೊದಲು ಎಷ್ಟಿತ್ತು ಎಂದು ಕೇಳುತ್ತಾರೆ, ಹೇಳಲು ಊರಿನ ಬಳಿ ಏನೂ ಇರುವುದಿಲ್ಲ. ಕಲ್ಲು ಕಟ್ಟಿದ ಹಗ್ಗಕ್ಕೆ ಮೊಳ ಮೊಳಕ್ಕೆ ಗಂಟು ಹಾಕಿ, ಮುಂಗಾರಿಗೆ ಮೊದಲು, ಹಿಂಗಾರು ಮುಗಿದ ಮೇಲೆ ಮತ್ತು ಕಡು ಬೇಸಿಗೆಯಲ್ಲಿ ಊರಿನ ಐದಾರು ಬಾವಿಗಳ ನೀರಿನ ಆಳ ಅಳೆಯಿರಿ. ಹೈಸ್ಕೂಲಿನ ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ. ದಿನಾಂಕ, ಬಾವಿಯ ಸರ್ವೆ ನಂಬರು, ಆಳ, ಅಳೆದವರ ಸಹಿಯನ್ನು ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿ ಸಲ ಪಂಚಾಯಿತಿಯಲ್ಲಿ ಶಿಕ್ಕಾ ಹಾಕಿಸಿ ಇಡಿ.